ಬ್ರೇಕ್ ಇಲ್ಲದ ಗರಗಸ

ಮುಂಗಾರಿಗೆ ಮೊದಲು ಬೀಸುವ ಗಾಳಿ ಆ ವರ್ಷ ನಮ್ಮ ಕಾಲೇಜಿನ ತೋಟದ ಪಡುವಣ ಸಾಲನ್ನು ಒಂದೇ ಸಂಜೆಯಲ್ಲಿ ಮಲಗಿಸಿಬಿಟ್ಟಿತು. ಮರುದಿನ ಬೆಳಗ್ಗೆ ಕೆಂಪಾಪುರದ ಮನೆಯಿಂದ ಹೊರಟು ತೋಟದ ಗೇಟಿಗೆ ಬಂದಾಗ ಪಂಪ್‌ಹೌಸಿಗೆ ಹೋಗುವ ದಾರಿಗೆ ಸಿಲ್ವರ್ ಓಕ್ ಮರಗಳು ಅಡ್ಡಡ್ಡ ಬಿದ್ದಿದ್ದವು. ಹಳೆಯ ಮಾವಿನ ಮರಗಳಲ್ಲಿ ತೊಡೆಗಾತ್ರದ ಕೊಂಬೆಗಳು ಸೀಳಿ, ಒಂದಿಷ್ಟು ತೊಗಟೆಯ ಆಸರೆಯಲ್ಲಿ ಜೋತಾಡುತ್ತಿದ್ದವು. ಸೊಪ್ಪು ಗೊಬ್ಬರಕ್ಕೆಂದು ಬೇಲಿಗೆ ನೆಟ್ಟ ಗಿಡಗಳೆಲ್ಲ ಸಪೋಟ ಸಾಲಿನ ಮೇಲೆ ಒರಗಿದ್ದವು.

ಯಲಹಂಕದ ಆಚೆ, ನಾಲ್ಕೂ ಕಡೆ ಅಪಾರ್ಟ್‌ಮೆಂಟುಗಳೆದ್ದ ಮೇಲೂ ಉಳಿದುಕೊಂಡಿರುವ ಹತ್ತು ಎಕರೆ ಅದು. ತೋಟಗಾರಿಕೆ ಓದುವ ಮಕ್ಕಳ ಪಾಠಕ್ಕೆಂದು ಇಟ್ಟುಕೊಂಡದ್ದು. ಉಸ್ತುವಾರಿ ನನ್ನದು. ನನ್ನ ಜೊತೆ ಒಬ್ಬ ಮೇಸ್ತ್ರಿ, ಆರೇಳು ಮಂದಿ ಕೆಲಸದವರು. ಮೇಸ್ತ್ರಿಯವರು ಅಮೃತಹಳ್ಳಿಯ ಹಳಬರು, ಐವತ್ತರ ಆಸುಪಾಸಿನವರು. ಅವರ ತಂದೆ ದ್ರಾಕ್ಷಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಯಾರದೋ ಕಾರು ನಿಲ್ಲಿಸುವ ಅಂಗಳವಿದೆ. ನಾನು ಹಾವೇರಿ ಕಡೆಯವಳು. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಸಿಟ್ಟು ಬಂದರೆ ಬಾಯಿಗೆ ಊರ ಮಾತೇ ಬರುತ್ತದೆ. ಆ ಬೇಸಿಗೆಯಲ್ಲಿ ಅದು ಮೇಲಿಂದ ಮೇಲೆ ಬಂತು.

ಅಲ್ಲಿಯವರೆಗೆ ದೊಡ್ಡ ಮರ ಕುಯ್ಯುವ ಕೆಲಸವಿದ್ದರೆ ಹೊರಗಿನವರನ್ನು ಕರೆಸುತ್ತಿದ್ದೆವು. ಊರಿಡೀ ಮರ ಬಿದ್ದಿದ್ದರಿಂದ ಈ ಸಲ ಅವರು ಫೋನೇ ಎತ್ತಲಿಲ್ಲ. ಕೊಡಲಿ, ಕೈಗರಗಸ ಹಿಡಿದು ಸಣ್ಣ ಕೊಂಬೆಗಳನ್ನು ಬಿಡಿಸಿದೆವು. ಕಾಂಡಗಳು ಬಿದ್ದಲ್ಲೇ ಉಳಿದವು. ಕೊನೆಗೆ ಪ್ರಾಂಶುಪಾಲರು, ಕಾಲೇಜಿಗೇ ಒಂದು ಚೈನ್ ಸಾ ಕೊಂಡುಬಿಡೋಣ, ಯಾವ ತರಹದ್ದು ಬೇಕೆಂದು ಬರೆದು ಕೊಡಿ ಎಂದರು.

ಬರೆಯುವುದಕ್ಕೆ ಮೊದಲು ಮೇಸ್ತ್ರಿಯವರೂ ನಾನೂ ಟೇಪು ಹಿಡಿದು ತೋಟ ಸುತ್ತಿದೆವು. ವರ್ಷವಿಡೀ ನಮಗೆ ಕುಯ್ಯಲು ಸಿಗುವುದೇನು? ಕೊಯ್ಲಾದ ಮೇಲೆ ಮಾವಿನ ಕೊಂಬೆ, ಒಣಗಿದ ಸಪೋಟ, ಬೇಲಿಯ ಗಿಡ, ಆಗೊಂದು ಈಗೊಂದು ಬೇವು. ಮುಂಗೈ ದಪ್ಪದಿಂದ ತೊಡೆ ದಪ್ಪದವರೆಗೆ. ಬಿದ್ದ ಸಿಲ್ವರ್ ಮರಗಳ ಬುಡ ಮಾತ್ರ ಒಂದಡಿ ದಾಟುತ್ತಿತ್ತು. ಅದನ್ನೂ ಎರಡು ಕಡೆಯಿಂದ ಕುಯ್ದರೆ ಹದಿನಾರು ಇಂಚಿನ ಬಾರ್ ಸಾಕು. ಬಾರ್ ಎಂದರೆ ಚೈನ್ ಸುತ್ತುವ ಆ ಉದ್ದನೆಯ ಉಕ್ಕಿನ ಪಟ್ಟಿ. ಅದು ಉದ್ದವಾದಷ್ಟೂ ಅದರ ತುದಿ ಕುಯ್ಯುವವನ ಕಣ್ಣಿಗೆ ಬೀಳದ ಜಾಗದಲ್ಲಿ ಓಡಾಡುತ್ತದೆ. ತುದಿಯ ಮೇಲಂಚು ಯಾವುದಾದರೂ ಮೋಟು ಕೊಂಬೆಗೆ ತಾಗಿದರೆ ಇಡೀ ಯಂತ್ರ ಮೇಲಕ್ಕೆದ್ದು ಹಿಡಿದವನ ಮುಖದತ್ತ ತಿರುಗಿ ಬರುತ್ತದೆ. ಎಷ್ಟು ಗಟ್ಟಿಗನಾದರೂ ಅದನ್ನು ತೋಳಬಲದಿಂದ ತಡೆಯಲಾಗುವುದಿಲ್ಲ. ಅದಕ್ಕೆಂದೇ ಮುಂದಿನ ಹಿಡಿಕೆಯ ಎದುರು ಒಂದು ಅಡ್ಡ ತಡೆ ಇರುತ್ತದೆ. ಯಂತ್ರ ಮೇಲಕ್ಕೆ ಒದೆಯುವಾಗ ಎಡಗೈ ಮಣಿಕಟ್ಟು ಆ ತಡೆಗೆ ತಾಗುತ್ತದೆ, ತಡೆ ಮುಂದಕ್ಕೆ ಬೀಳುತ್ತದೆ, ಒಳಗಿನ ಬ್ರೇಕ್ ಚೈನನ್ನು ಹಿಡಿದು ನಿಲ್ಲಿಸುತ್ತದೆ. ಯಂತ್ರ ಮುಖಕ್ಕೆ ಬಂದರೂ ಚೈನ್ ಸುತ್ತುತ್ತಿರುವುದಿಲ್ಲ. ಚೈನ್ ಸಾ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಇದೇ. ಅಶ್ವಶಕ್ತಿ ಆಮೇಲಿನ ಮಾತು.

ಬ್ಯಾಟರಿಯದನ್ನೂ ಯೋಚಿಸಿದೆ. ಸದ್ದು ಕಡಿಮೆ, ಹೊಗೆಯಿಲ್ಲ, ಪಕ್ಕದ ಅಪಾರ್ಟ್‌ಮೆಂಟಿನವರ ದೂರೂ ಇರುವುದಿಲ್ಲ. ಕೊಂಬೆ ಸವರುವುದಷ್ಟೇ ಆಗಿದ್ದರೆ ಅದನ್ನೇ ಕೇಳುತ್ತಿದ್ದೆ. ಒಣಗಿದ ಸಿಲ್ವರ್ ಕಾಂಡ ಕುಯ್ಯತೊಡಗಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಪಂಪ್‌ಹೌಸಿನಲ್ಲಿ ಕರೆಂಟು ಇದ್ದಾಗ ಇದ್ದಂತೆ. ವೈರಿನದಂತೂ ಹಸಿ ಹುಲ್ಲಿನಲ್ಲಿ ಎಳೆದಾಡುವ ಮಾತೇ ಇಲ್ಲ. ಹಾಗಾಗಿ ಪೆಟ್ರೋಲಿನದೇ, ಮೂವತ್ತೈದರಿಂದ ನಲವತ್ತು ಸಿಸಿಯೊಳಗಿನದು, ಹದಿನಾರು ಇಂಚಿನ ಬಾರ್, ದಿನವಿಡೀ ಹಿಡಿದರೂ ಬೆರಳು ಮರಗಟ್ಟದಂತೆ ಹಿಡಿಕೆಗೆ ಸ್ಪ್ರಿಂಗು, ಊರೊಳಗೆ ಬಿಡಿಭಾಗ ಸಿಗುವಂಥದ್ದು, ಕೆಲಸ ಮಾಡುವ ಬ್ರೇಕ್ ಎಂದು ಬರೆದೆ. ಕೆಳಗೆ ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್, ಕೈಗವಸು, ಕಾಲಿಗೆ ಕಟ್ಟುವ ದಪ್ಪ ಕವಚ ಸೇರಿಸಿದೆ.

ಮೇಸ್ತ್ರಿಯವರಿಗೆ ಇದು ಹಿಡಿಸಲಿಲ್ಲ.

“ಹದಿನಾರು ಇಂಚು ಆಟದ ಸಾಮಾನು ಇದ್ದಂಗೆ ಮೇಡಂ,” ಎಂದರು. “ದೊಡ್ಡದು ತರ್ಸಿ. ಒಂದೇ ಏಟ್ಗೆ ವೋಯ್ತದೆ.”

ಹೊರಗಿನಿಂದ ಬರುತ್ತಿದ್ದ ಮರ ಕುಯ್ಯುವವರ ಕೈಯಲ್ಲಿ ಅವರು ನೋಡಿದ್ದೆಲ್ಲ ದೊಡ್ಡ ಯಂತ್ರಗಳೇ. ದೊಡ್ಡದು ಹಿಡಿದವನೇ ದೊಡ್ಡವನು ಎಂಬ ಭಾವನೆ ಅವರಲ್ಲಿತ್ತು. ಭಾರ, ತುದಿ, ಒದೆತ, ಅಡ್ಡ ತಡೆ ಎಲ್ಲವನ್ನೂ ವಿವರಿಸಿದೆ. ತಲೆಯಾಡಿಸಿದರು, ಒಪ್ಪಲಿಲ್ಲ.

ಕೆಲವು ದಿನಗಳ ನಂತರ ಸ್ಟೋರ್ಸ್ ಅಧಿಕಾರಿ ನನ್ನನ್ನು ಕರೆಸಿದರು. ಕಾಲೇಜಿಗೆ ಬೇಕಾದ ಪೆನ್ನಿನಿಂದ ಹಿಡಿದು ಜನರೇಟರಿನವರೆಗೆ ಎಲ್ಲದರ ಖರೀದಿ ಅವರ ಕೈಯಲ್ಲೇ. ಮೇಜಿನ ಮೇಲೆ ಒಂದು ಕೇಸರಿ ಬಣ್ಣದ ಯಂತ್ರವಿತ್ತು. ಹೆಸರು ಕೇಳದ ಕಂಪನಿ. ಐವತ್ತೆಂಟು ಸಿಸಿ, ಇಪ್ಪತ್ತೆರಡು ಇಂಚಿನ ಬಾರ್.

“ನೋಡಿ ಮೇಡಂ, ನೀವು ಹದಿನಾರು ಕೇಳಿದ್ರಿ, ನಾನು ಇಪ್ಪತ್ತೆರಡು ತರಿಸಿದೀನಿ. ಅದೂ ಅದಕ್ಕಿಂತ ಕಮ್ಮಿ ರೇಟಿಗೆ,” ಎಂದು ನಕ್ಕರು.

ಎತ್ತಿ ನೋಡಿದೆ. ಪೆಟ್ರೋಲು, ಚೈನಿನ ಎಣ್ಣೆ ತುಂಬಿದರೆ ಎಂಟು ಕಿಲೋ ಹತ್ತಿರ ಆಗುವಂಥ ಭಾರ. ಹಿಡಿಕೆಗೆ ಸ್ಪ್ರಿಂಗ್ ಇಲ್ಲ. ಹೆಲ್ಮೆಟ್, ಕವಚ ಎಲ್ಲಿ ಎಂದು ಕೇಳಿದೆ. ಕಟ್ಟಡದ ಕೆಲಸದವರ ಹಳದಿ ಹೆಲ್ಮೆಟ್ ಇದೆಯಲ್ಲ, ಅದನ್ನೇ ಹಾಕಿಕೊಳ್ಳಲಿ ಎಂದರು. ಇದು ನಾನು ಕೇಳಿದ್ದಲ್ಲ, ವಾಪಸ್ ಮಾಡಿ ಎಂದೆ. ಬಿಲ್ ಪಾಸಾಗಿದೆ ಎಂದರು. ಪ್ರಾಂಶುಪಾಲರ ಬಳಿ ಹೋದೆ. ಮುಂದಿನ ವಾರ ಪರಿಶೀಲನಾ ತಂಡ ಬರುತ್ತಿದೆ, ತೋಟದ ದಾರಿ ತೆರವಾಗಲಿ, ಆಮೇಲೆ ನೋಡೋಣ ಎಂದು ಅವರು ಕಣ್ಣು ಕಂಪ್ಯೂಟರಿನತ್ತ ತಿರುಗಿಸಿದರು.

ಯಂತ್ರವನ್ನು ತೋಟದ ಶೆಡ್ಡಿಗೆ ತಂದಿಟ್ಟೆ. ಮಧ್ಯಾಹ್ನದ ನಂತರ ನಾನೇ ಇದನ್ನು ಓಡಿಸಿ ಪರೀಕ್ಷಿಸುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಮೇಸ್ತ್ರಿಯವರಿಗೆ ಹೇಳಿದೆ. ಅಷ್ಟರಲ್ಲಿ ಪರಿಶೀಲನೆಯ ತಯಾರಿಗೆಂದು ಮೀಟಿಂಗ್ ಕರೆದರು. ಗೋಡೆಗೆ ಯಾವ ಚಾರ್ಟ್ ಅಂಟಿಸಬೇಕು, ಹೂಗುಚ್ಛ ಯಾರು ಕೊಡಬೇಕು ಎಂಬ ಚರ್ಚೆ ನಡೆದಿತ್ತು. ತೋಟದಿಂದ ಫೋನ್ ಬಂತು. ಕಳೆ ಕೀಳುವ ಹೆಂಗಸೊಬ್ಬಳ ದನಿ. ಮೇಸ್ತ್ರಿ ಕೈ, ಮೇಸ್ತ್ರಿ ಕೈ ಎಂದಷ್ಟೇ ಅರ್ಥವಾಯಿತು.

ಓಡಿದೆ. ಮೇಸ್ತ್ರಿಯವರು ಮಾವಿನ ಮರದ ಕೆಳಗೆ ಕೂತಿದ್ದರು. ಯಾರೋ ಎಡಗೈಗೆ ಟವೆಲ್ ಸುತ್ತಿದ್ದರು, ಟವೆಲ್ ತೊಯ್ದು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಯಂತ್ರ ಮಗ್ಗುಲಾಗಿ ಬಿದ್ದಿತ್ತು. ಸ್ಟೋರ್ಸ್ ಅಧಿಕಾರಿ ಸ್ವಲ್ಪ ದೂರದಲ್ಲಿ ಫೋನಿನಲ್ಲಿ ಮಾತಾಡುತ್ತ ನಿಂತಿದ್ದರು. ನಾನು ಮೀಟಿಂಗಿನಲ್ಲಿದ್ದಾಗ ಅವರೇ ತೋಟಕ್ಕೆ ಬಂದು, ಹೊಸ ಮಿಷನ್ ಪೂಜೆಗಿಟ್ಟಿದ್ದೀರಾ, ಶುರು ಮಾಡಿ ಎಂದಿದ್ದರಂತೆ. ಮೇಸ್ತ್ರಿಯವರಿಗೂ ಅದೇ ಬೇಕಿತ್ತು.

ಕಾಲೇಜಿನ ವ್ಯಾನಿನಲ್ಲಿ ಹೆಬ್ಬಾಳದ ಆಸ್ಪತ್ರೆಗೆ ಹೊರಟೆವು. ಟವೆಲಿನ ಮೇಲೆ ನನ್ನ ದುಪಟ್ಟಾ ಬಿಗಿದು, ಅವರ ಕೈಯನ್ನು ಎತ್ತಿ ಹಿಡಿದು ಕೂತಿದ್ದೆ. ಫ್ಲೈಓವರಿನ ಕೆಳಗೆ ಟ್ರಾಫಿಕ್ ನಿಂತುಬಿಟ್ಟಿತು. ಮೇಸ್ತ್ರಿಯವರ ತುಟಿ ಬೆಳ್ಳಗಾಗಿತ್ತು.

“ಮೋಟು ಕೊಂಬೆ ಎಲೆ ಅಡೀಲಿತ್ತು, ಕಾಣ್ನಿಲ್ಲ,” ಎಂದರು. “ಮಿಷನ್ನು ಎದ್ದು ಬಂತು. ನೀವು ಏಳಿದ್ರಲ್ಲ ಆ ಪ್ಲಾಸ್ಟಿಕ್ಕು, ಅದು ಮುಂದಕ್ಕೆ ಬಿತ್ತು ಮೇಡಂ. ಬಿದ್ದಿದ್ದು ಗೊತ್ತಾಯ್ತು. ಚೈನು ನಿಲ್ನಿಲ್ಲ.”

ಮುಖ ತಿರುಗಿಸಿದ್ದರಿಂದ ಕಣ್ಣು ಉಳಿದಿತ್ತು. ಕೆಳಗೆ ಬೀಳುವಾಗ ಚೈನ್ ಎಡ ಮಣಿಕಟ್ಟು, ಹೆಬ್ಬೆರಳಿನ ಬುಡದ ಮೇಲೆ ಹರಿದು ಹೋಗಿತ್ತು. ನರ ಜೋಡಿಸಬೇಕು, ಬೆರಳು ಎಷ್ಟರಮಟ್ಟಿಗೆ ಮಡಚುತ್ತದೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಆಪರೇಷನ್ ನಡೆಯುತ್ತಿರುವಾಗ ಮೇಸ್ತ್ರಿಯವರ ಹೆಂಡತಿ ಬಂದರು. ಅಳಲಿಲ್ಲ. ನನ್ನ ಬಟ್ಟೆಯ ಮೇಲಿನ ರಕ್ತ ನೋಡಿ, ಯಾವ ಕೈ ಎಂದು ಕೇಳಿದರು. ಎಡಗೈ ಎಂದೆ. ಬೆಂಚಿನ ತುದಿಯಲ್ಲಿ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮರುದಿನ ಪ್ರಾಂಶುಪಾಲರ ಕೋಣೆಗೆ ಕರೆ ಬಂತು. ಅಪಘಾತದ ವರದಿ ಆಗಲೇ ಟೈಪಾಗಿತ್ತು. ಕೆಲಸಗಾರನ ಅಜಾಗರೂಕತೆಯಿಂದ ಸಂಭವಿಸಿದೆ ಎಂದಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಇದು ಬರೀ ಔಪಚಾರಿಕ, ಪರಿಶೀಲನೆ ಹತ್ತಿರ ಬಂದಿದೆ, ವಿಷಯ ಬೆಳೆಸುವುದು ಬೇಡ ಎಂದು ಪ್ರಾಂಶುಪಾಲರು ಮೆಲ್ಲಗೆ ಹೇಳಿದರು. ಸ್ಟೋರ್ಸ್ ಅಧಿಕಾರಿ ಪಕ್ಕದ ಕುರ್ಚಿಯಲ್ಲಿದ್ದರು. ಅನುಭವ ಇಲ್ಲದವರ ಕೈಗೆ ಮಿಷನ್ ಕೊಟ್ಟದ್ದು ತೋಟದವರ ತಪ್ಪು ಎಂದರು. ತಾವೇ ನಿಂತು ಶುರು ಮಾಡಿಸಿದ ಮನುಷ್ಯ ಎದುರಿಗೆ ಕೂತು ಈ ಮಾತು ಹೇಳುತ್ತಿದ್ದರು. ಯಂತ್ರ ನೋಡದೆ ಸಹಿ ಮಾಡುವುದಿಲ್ಲ ಎಂದು ಎದ್ದು ಬಂದೆ.

ಶೆಡ್ಡಿನಲ್ಲಿ ಯಂತ್ರವನ್ನು ಹಲಗೆಯ ಮೇಲಿಟ್ಟು ಮೊದಲು ಪ್ಲಗ್ಗಿನ ವೈರ್ ತೆಗೆದೆ. ಅಡ್ಡ ತಡೆಯನ್ನು ಮುಂದಕ್ಕೆ ತಳ್ಳಿದೆ, ಟಕ್ ಎಂದಿತು. ಹಿಂದಕ್ಕೆಳೆದೆ, ಮತ್ತೆ ಟಕ್. ಶಬ್ದ ಸರಿಯಾಗಿಯೇ ಇತ್ತು. ತಡೆಯನ್ನು ಮುಂದಿಟ್ಟು, ಕೈಗವಸು ಹಾಕಿ ಚೈನನ್ನು ಎಳೆದೆ. ಅಲ್ಲಾಡಬಾರದಾಗಿತ್ತು. ಅದು ಸಲೀಸಾಗಿ ಸುತ್ತಿತು.

ಪಕ್ಕದ ಮುಚ್ಚಳದ ನಟ್ಟು ಬಿಚ್ಚಿದೆ. ಬ್ರೇಕ್ ಇರುವ ಯಂತ್ರದಲ್ಲಿ ಆ ಮುಚ್ಚಳದೊಳಗೆ ಉಕ್ಕಿನ ತೆಳು ಪಟ್ಟಿಯೊಂದು ಬಳೆಯಂತೆ ಸುತ್ತಿಕೊಂಡಿರುತ್ತದೆ. ತಡೆ ಮುಂದಕ್ಕೆ ಬಿದ್ದರೆ ಸ್ಪ್ರಿಂಗ್ ಬಿಚ್ಚಿ, ಪಟ್ಟಿ ಬಿಗಿದು, ಚೈನ್ ತಿರುಗಿಸುವ ಡ್ರಮ್ಮನ್ನು ಹಿಡಿಯುತ್ತದೆ. ಇಲ್ಲಿ ಪಟ್ಟಿ ಕೂರುವ ತೋಡು ಇತ್ತು. ಸ್ಪ್ರಿಂಗಿನ ಮನೆಯೂ ಇತ್ತು. ಎರಡೂ ಖಾಲಿ. ಹರಿದುಹೋದ ಗುರುತಿಲ್ಲ, ಸವೆದ ಗುರುತಿಲ್ಲ, ಒಂದು ಗೀರೂ ಇಲ್ಲ. ಅಲ್ಲಿ ಯಾವತ್ತೂ ಏನೂ ಇರಲಿಲ್ಲ. ಟಕ್ ಎನ್ನಿಸಲು ಮಾತ್ರ ಒಂದು ಪ್ಲಾಸ್ಟಿಕ್ ಹಲ್ಲು ಇಟ್ಟಿದ್ದರು.

ಬ್ರೇಕ್ ಇಲ್ಲ ಎಂದು ಹೇಳಿ ಮಾರಿದ್ದರೆ ಅದು ಕೆಟ್ಟ ಯಂತ್ರ. ಇದು ಬೇರೆ. ಇದೆ ಎಂದು ನಂಬಿಸಲು ಶಬ್ದವನ್ನೂ ಕೂರಿಸಿದ್ದರು. ಯಾರೋ ಒಬ್ಬ ಎಲ್ಲೋ ಕೂತು, ಹಿಡಿದವನಿಗೆ ನಂಬಿಕೆ ಬರಲಿ ಎಂದು ಆ ಹಲ್ಲಿನ ಅಳತೆ ತೆಗೆದಿದ್ದಾನೆ. ಫೋಟೋ ತೆಗೆದುಕೊಂಡೆ. ಮುಚ್ಚಳ ಮತ್ತೆ ಕೂರಿಸಿ, ಯಂತ್ರವನ್ನು ವ್ಯಾನಿಗೆ ಹಾಕಿಸಿ, ಡ್ರೈವರಿಗೆ ಯಶವಂತಪುರಕ್ಕೆ ಹೋಗೋಣ ಎಂದೆ. ಬಿಲ್ಲಿನ ಮೇಲೆ ಅಂಗಡಿಯ ವಿಳಾಸವಿತ್ತು.

ಮಾರುಕಟ್ಟೆಯ ಯಾರ್ಡಿನ ಹಿಂದಿನ ರಸ್ತೆಯಲ್ಲಿ ಕೃಷಿ ಯಂತ್ರಗಳ ಅಂಗಡಿಗಳ ಸಾಲು. ನಮ್ಮದನ್ನು ಕೊಂಡ ಅಂಗಡಿಯ ಗೋಡೆಯ ಮೇಲೆ ಅದೇ ಕೇಸರಿ ಯಂತ್ರಗಳನ್ನು ಸಾಲಾಗಿ ನೇತು ಹಾಕಿದ್ದರು. ಅಂಗಡಿಯವರು ನನ್ನನ್ನು ದಾಟಿ ಡ್ರೈವರನ್ನು ನೋಡುತ್ತ, ಏನ್ ಸಾರ್ ಪ್ರಾಬ್ಲಮ್ಮು ಎಂದರು. ಡ್ರೈವರು ನನ್ನ ಕಡೆ ಕೈ ತೋರಿಸಿದ. ನಾನು ಕೌಂಟರಿನ ಮೇಲೆ ಯಂತ್ರವಿಟ್ಟು, ಮುಚ್ಚಳ ಬಿಚ್ಚಿ ಒಳಗಡೆ ತೋರಿಸಿದೆ.

“ಇದ್ರಾಗ ಬ್ರೇಕ್ ಎಲ್ಲೈತ್ರೀ?”

ಅವರು ಬಗ್ಗಿ ನೋಡುವ ಗೋಜಿಗೂ ಹೋಗಲಿಲ್ಲ. “ಓ, ಅದಾ. ಅದು ಶೋಗೆ ಮೇಡಂ.”

“ಶೋಗೆ?”

“ಈ ರೇಟಿಗೆ ಬ್ರೇಕ್ ಎಲ್ಲಿಂದ ಬರುತ್ತೆ ಹೇಳಿ? ನಿಮ್ಮ ಸ್ಟೋರ್ಸ್ ಸಾರ್‌ಗೆ ಎರಡೂ ತೋರಿಸಿದ್ದೆ ಕಣ್ರೀ. ಬ್ರೇಕ್ ಇರೋದು ಬೇಡ, ಇದೇ ಕೊಡಿ ಅಂದ್ರು.”

ಒಬ್ಬ ಮನುಷ್ಯನ ಕೈ ಹೋಗಿದೆ ಎಂದೆ. ಅಯ್ಯೋ, ಹುಷಾರಾಗಿ ಕುಯ್ಬೇಕಿತ್ತು ಎಂದರು. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ದನಿ ಇಳಿಸಿ, ಕೋಪ ಮಾಡ್ಕೋಬೇಡಿ, ವಾಪಸ್ ತಗೋತೀನಿ, ಪೂರ್ತಿ ದುಡ್ಡು ಕಾಲೇಜಿನ ಅಕೌಂಟಿಗೆ ಹಾಕ್ತೀನಿ ಎಂದರು. ನಾನು ಒಪ್ಪಿದೆ. ಆ ಕ್ಷಣಕ್ಕೆ ಅದೇ ಸರಿ ಎನಿಸಿತ್ತು.

ಅವರು ಮುಚ್ಚಳ ಕೂರಿಸಿದರು. ಒಂದು ಬಟ್ಟೆಗೆ ಪೆಟ್ರೋಲು ಹಚ್ಚಿಕೊಂಡು ಬಾರ್ ಒರೆಸಿದರು. ಚೈನಿನ ಸಂದಿಯಲ್ಲಿ ಒಣಗಿದ್ದದ್ದನ್ನು ಬ್ರಷ್ಷಿನಿಂದ ಕೆರೆದು ತೆಗೆದರು. ಅದು ಮೇಸ್ತ್ರಿಯವರ ರಕ್ತ. ಬಳಿಕ ಸ್ಟೂಲು ಹತ್ತಿ, ಗೋಡೆಯ ಸಾಲಿನಲ್ಲಿ ಖಾಲಿಯಿದ್ದ ಮೊಳೆಗೆ ಅದನ್ನು ತೂಗು ಹಾಕಿದರು. ದೊಡ್ಡಬಳ್ಳಾಪುರ ಕಡೆಯಿಂದ ಬಂದ ಗಂಡ ಹೆಂಡತಿ ಅಷ್ಟು ಹೊತ್ತೂ ಪಕ್ಕದಲ್ಲಿ ಕಾಯುತ್ತ ನಿಂತಿದ್ದರು. ಅವರಿಗೆ ನೀಲಗಿರಿ ಕುಯ್ಯಲು ಮಿಷನ್ ಬೇಕಿತ್ತು. ಅಂಗಡಿಯವರು ಸ್ಟೂಲಿನ ಮೇಲಿಂದಲೇ, ಇದು ನೋಡಿ ಅಣ್ಣ, ಇಪ್ಪತ್ತೆರಡು ಇಂಚು ಎಂದರು. ಆ ಗಂಡಸು ಕೈ ಚಾಚಿದ.

“ಕೊಡ್ರೀ ಅದನ್ನ,” ಎಂದೆ.

ಅಂಗಡಿಯವರಿಗೆ ಅರ್ಥವಾಗಲಿಲ್ಲ.

“ಕೆಳಗಿಳಿಸ್ರೀ. ನಾ ವಾಪಸ್ ಕೊಡಂಗಿಲ್ಲ.”

ದುಡ್ಡು ಬೇಡವಾ ಎಂದರು. ಬೇಡ ಎಂದೆ. ಕಾಲೇಜಿಗೆ ಏನು ಹೇಳ್ತೀರಾ ಎಂದರು. ಅದು ನನ್ನ ಪಾಡು ಎಂದೆ. ಯಂತ್ರವನ್ನು ಕಂಕುಳಿಗೆ ಎತ್ತಿಕೊಂಡು, ಆ ಗಂಡ ಹೆಂಡತಿಯ ಕಡೆ ತಿರುಗಿ, ಕೊಳ್ಳುವುದಿದ್ದರೆ ಮುಚ್ಚಳ ಬಿಚ್ಚಿಸಿ ಒಳಗೆ ಪಟ್ಟಿ ಇದೆಯಾ ನೋಡಿ, ಇಲ್ಲದಿದ್ದರೆ ಬೇರೆ ಅಂಗಡಿಗೆ ಹೋಗಿ ಎಂದು ಹೇಳಿದೆ. ನನ್ನ ದನಿ ರಸ್ತೆಗೆ ಕೇಳುವಷ್ಟಿತ್ತೆಂದು ಆಮೇಲೆ ಡ್ರೈವರು ಹೇಳಿದ. ಆ ಹೆಂಡತಿ ಗಂಡನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದದ್ದನ್ನು ಮಾತ್ರ ನೋಡಿದೆ.

ಮರುದಿನ ಪ್ರಾಂಶುಪಾಲರ ಮೇಜಿನ ಮೇಲೆ ಬಿಚ್ಚಿದ ಮುಚ್ಚಳವನ್ನಿಟ್ಟೆ. ಎಲ್ಲಿ ಏನಿರಬೇಕಿತ್ತು, ಏನಿಲ್ಲ ಎಂದು ಬೆರಳಿಟ್ಟು ತೋರಿಸಿದೆ. ಅಂಗಡಿಯವರು ಹೇಳಿದ್ದನ್ನೂ ಹೇಳಿದೆ. ಸ್ಟೋರ್ಸ್ ಅಧಿಕಾರಿ ಅಂಗಡಿಯವನ ಮಾತು ಯಾರು ನಂಬುತ್ತಾರೆ ಎಂದರು. ಪ್ರಾಂಶುಪಾಲರು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದರು, ಅದಕ್ಕೇ ಸೇರಿದ್ದ ತಡೆಯನ್ನು ತಾವೇ ತಳ್ಳಿ ಟಕ್ ಎನ್ನಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಯಾವುದೂ ತಮ್ಮ ಕೋಣೆಯ ಬಾಗಿಲು ದಾಟಿ ಹೊರಗೆ ಹೋಗಬಾರದು ಎಂಬುದಷ್ಟೇ ಅವರ ಆಸೆ. ಕೋಪದಲ್ಲಿ ನಿರ್ಧಾರ ಮಾಡಬೇಡಿ ಮೇಡಂ ಎಂದರು.

“ಸಾರ್, ಕೋಪ ಇಲ್ದಿದ್ರ ನಿನ್ನೆನ ಸಹಿ ಮಾಡಿ ಮನೀಗೆ ಹೋಗ್ತಿದ್ದೆ,” ಎಂದೆ.

ಆ ವರದಿಗೆ ನಾನು ಸಹಿ ಮಾಡುವುದಿಲ್ಲ. ನನ್ನದೇ ವರದಿ ಬರೆಯುತ್ತೇನೆ, ಅದನ್ನು ಇಲ್ಲಿ ತೆಗೆದುಕೊಳ್ಳದಿದ್ದರೆ ಕಾರ್ಮಿಕ ಇಲಾಖೆಗೆ ಕೊಡುತ್ತೇನೆ ಎಂದೆ. ಬಹಳ ಹೊತ್ತಿನ ಮೇಲೆ ಅವರು ಇಳಿದು ಬಂದರು. ಅಜಾಗರೂಕತೆ ಎಂಬ ಮಾತು ಹೋಯಿತು. ಆಸ್ಪತ್ರೆಯ ಖರ್ಚು, ವಾಸಿಯಾಗುವವರೆಗಿನ ಸಂಬಳ ಕಾಲೇಜಿನದು ಎಂದಾಯಿತು. ಹೊಸ ಯಂತ್ರವನ್ನು ನಾನೇ ಆರಿಸಬಹುದು ಎಂದರು. ಸ್ಟೋರ್ಸ್ ಅಧಿಕಾರಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ, ಏನೂ ಆಗಲಿಲ್ಲ. ಇವತ್ತಿಗೂ ಅದೇ ಕುರ್ಚಿಯಲ್ಲಿದ್ದಾರೆ.

ಪರಿಶೀಲನಾ ತಂಡವೂ ಬಂತು. ಸಭಾಂಗಣದಲ್ಲಿ ಕಾಫಿ ಕುಡಿದು, ಚಾರ್ಟ್ ನೋಡಿ, ಹೂಗುಚ್ಛ ತೆಗೆದುಕೊಂಡು ಹೊರಟಿತು. ತೋಟದ ಕಡೆ ತಲೆ ಹಾಕಲಿಲ್ಲ. ಯಾವ ದಾರಿಗಾಗಿ ಅಷ್ಟು ಅವಸರ ಮಾಡಿದರೋ ಆ ದಾರಿಯಲ್ಲಿ ಸಿಲ್ವರ್ ಮರಗಳು ಬಿದ್ದಂತೆಯೇ ಇದ್ದವು.

ಅದಾದ ಮರುದಿನ ಸ್ಟೋರ್ಸಿನಿಂದ ಒಬ್ಬ ಬಂದು ಹಳೆಯ ಯಂತ್ರ ಕೇಳಿದ. ಸಂಸ್ಥೆಯವರ ಇನ್ನೊಂದು ಶಾಲೆಯ ತೋಟಕ್ಕೆ ಕಳಿಸುತ್ತಾರಂತೆ, ಅಲ್ಲಿ ಬ್ರೇಕ್ ಹಾಕಿಸಿಕೊಳ್ಳುತ್ತಾರಂತೆ. ಪಟ್ಟಿ ಕೂರುವ ತೋಡಿನ ಅಳತೆಯೇ ತಪ್ಪಿರುವ ಆ ಮುಚ್ಚಳಕ್ಕೆ ಯಾವ ಬ್ರೇಕೂ ಕೂರುವುದಿಲ್ಲ ಎಂಬುದನ್ನು ನಾನು ಬರೆದೇ ಕೊಟ್ಟಿದ್ದೆ. ನಾಳೆ ಕೊಡುತ್ತೇನೆ ಎಂದು ಅವನನ್ನು ಕಳಿಸಿದೆ. ಸಂಜೆ ಅದನ್ನು ಆಟೋಗೆ ಹಾಕಿಕೊಂಡು ತಣಿಸಂದ್ರದ ಒಂದು ವೆಲ್ಡಿಂಗ್ ಅಂಗಡಿಗೆ ಹೋದೆ. ತುಂಡು ಮಾಡಿಕೊಡಿ ಎಂದೆ. ವೆಲ್ಡರು ಯಂತ್ರವನ್ನು ಹೊರಳಿಸಿ ನೋಡಿ, ಹೊಸದು ಇದ್ದಂಗಿದೆ, ಬೇಡದಿದ್ರೆ ನಂಗೆ ಕೊಟ್ಬಿಡಿ ಎಂದ. ಆಸ್ಪತ್ರೆಯಲ್ಲಿ ತೆಗೆದಿದ್ದ ಮೇಸ್ತ್ರಿಯವರ ಕೈಯ ಫೋಟೋ ತೋರಿಸಿದೆ. ಅವನು ಕಟರ್ ಎತ್ತಿಕೊಂಡ. ಇಂಜಿನ್ನಿನ ಹೊಟ್ಟೆ ಸೀಳಿದ, ಬಾರನ್ನು ಮೂರು ಕಡೆ ಕತ್ತರಿಸಿದ, ಚೈನಿನ ಕೊಂಡಿಗಳನ್ನು ಬಿಡಿಸಿದ. ಕಿಡಿ ಹಾರುವಾಗ ಕಣ್ಣು ಮುಚ್ಚಿಕೊಳ್ಳಿ ಅಂದ. ನಾನು ಮುಖ ತಿರುಗಿಸಿಕೊಂಡೇ ಕೊನೆಯವರೆಗೆ ನಿಂತಿದ್ದೆ. ಕಾಲೇಜಿನ ಆಸ್ತಿ ಹಾಳು ಮಾಡಿದ್ದಕ್ಕೆ ಅದರ ಬೆಲೆಯನ್ನು ನನ್ನ ಸಂಬಳದಲ್ಲಿ ಹಿಡಿದರು. ಹಿಡಿಯಲಿ ಎಂದುಕೊಂಡೆ.

ಹೊಸದನ್ನು ಬೇರೆ ಅಂಗಡಿಯಲ್ಲಿ ಆರಿಸಿದೆ. ಅಂಗಡಿಯ ಹಿಂದೆ ಮರದ ತುಂಡುಗಳನ್ನಿಟ್ಟು, ಓಡಿಸಿ ನೋಡಲು ಬಿಡುತ್ತಿದ್ದರು. ಎರಡು ಯಂತ್ರಗಳ ನಡುವೆ ಮನಸ್ಸು ತೂಗಾಡಿತು. ಒಂದು ತುಸು ಹಗುರ, ಆದರೆ ಗಟ್ಟಿ ಬೇವಿನ ತುಂಡಿಗೆ ಒತ್ತಿ ಹಿಡಿಯಬೇಕಾಗುತ್ತಿತ್ತು. ಒತ್ತಿದರೆ ಕುಯ್ಯುವವನಿಗೆ ದಣಿವು, ದಣಿದವನ ಕೈ ತಪ್ಪುತ್ತದೆ. ಇನ್ನೊಂದು ಚೂರು ಭಾರ, ಹದಿನಾರು ಇಂಚಿನ ಬಾರ್, ತನ್ನ ಭಾರಕ್ಕೇ ಇಳಿದು ಕುಯ್ಯುತ್ತಿತ್ತು. ಆಕ್ಸಿಲರೇಟರ್ ಬಿಟ್ಟು ಸುಮ್ಮನೆ ಓಡುವಾಗ ಚೈನ್ ಅಲುಗುತ್ತಿರಲಿಲ್ಲ. ಬಾರಿನ ತುದಿಯನ್ನು ಒಂದು ರಟ್ಟಿನ ಎದುರು ಹಿಡಿದು ಓಡಿಸಿದರೆ ಎಣ್ಣೆಯ ಗೆರೆ ಮೂಡುತ್ತಿತ್ತು; ಚೈನಿಗೆ ಎಣ್ಣೆ ಸರಿಯಾಗಿ ಬರುತ್ತಿದೆ ಎಂದರ್ಥ. ಮುಚ್ಚಳ ಬಿಚ್ಚಿಸಿದೆ. ಪಟ್ಟಿ ಇತ್ತು. ಬೆರಳಿನಿಂದ ಮುಟ್ಟಿ ನೋಡಿದೆ. ಎರಡನೆಯದನ್ನೇ ಕೊಂಡೆ, ಹೆಲ್ಮೆಟ್, ಕೈಗವಸು, ಕಾಲಿನ ಕವಚ ಬಿಲ್ಲಿಗೆ ಸೇರಿಸಿಯೇ ಅಂಗಡಿ ಬಿಟ್ಟೆ.

ಮೊದಲ ಸಲ ತೋಟದಲ್ಲಿ ಓಡಿಸುವ ದಿನ ಮೇಸ್ತ್ರಿಯವರು ಬಂದರು. ರಜೆ ಇನ್ನೂ ಮುಗಿದಿರಲಿಲ್ಲ. ಕೈಯ ಕಟ್ಟು ಬಿಚ್ಚಿದ್ದರು, ಹೊಲಿಗೆಯ ಗುರುತು ಮಣಿಕಟ್ಟಿನಿಂದ ಹೆಬ್ಬೆರಳಿನವರೆಗೆ ಕೆಂಪಗೆ ಉಬ್ಬಿತ್ತು. ಯಂತ್ರವನ್ನು ಹಿಡಿದು ನೋಡಲೇ ಎಂದು ಕೇಳಿದರು. ಕೊಟ್ಟೆ. ಬಲಗೈ ಹಿಂದಿನ ಹಿಡಿಕೆಗೆ ಸರಿಯಾಗಿ ಕೂತಿತು. ಎಡಗೈಯ ನಾಲ್ಕು ಬೆರಳು ಮುಂದಿನ ಹಿಡಿಕೆಯನ್ನು ಸುತ್ತಿದವು. ಹೆಬ್ಬೆರಳು ಬರಲಿಲ್ಲ. ಬಲಗೈಯಿಂದ ಅದನ್ನು ಹಿಡಿದು ಮಡಚಲು ನೋಡಿದರು, ಹಲ್ಲು ಕಚ್ಚಿದರು, ಆಮೇಲೆ ಯಂತ್ರವನ್ನು ಮೆಲ್ಲಗೆ ನೆಲದ ಮೇಲಿಟ್ಟರು.

“ಅಗುರವಾಗೈತೆ,” ಎಂದರು. “ನೀವೇ ಕುಯ್ರಿ ಮೇಡಂ. ಬ್ಯಾರೆಯೋರ್ನ ಕಲ್ಸೋಗಂಟ.”

ಕವಚ ಕಟ್ಟಿಕೊಂಡೆ, ಹೆಲ್ಮೆಟ್ಟಿನ ಜಾಲರಿ ಇಳಿಸಿದೆ. ಯಂತ್ರವನ್ನು ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಕೆಯೊಳಗೆ ಬಲಗಾಲಿನ ಬೂಟು ತೂರಿಸಿ ಒತ್ತಿ ಹಿಡಿದು ಹಗ್ಗ ಎಳೆದೆ. ಮೂರನೆಯ ಎಳೆತಕ್ಕೆ ಇಂಜಿನ್ ಸ್ಟಾರ್ಟಾಯಿತು. ಬ್ರೇಕ್ ಬಿಡಿಸಿ ಪೂರ್ತಿ ಆಕ್ಸಿಲರೇಟರ್ ಕೊಟ್ಟೆ. ಚೈನ್ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಸುತ್ತಿತು. ಹಿಡಿಕೆ ಬಿಡದೆ ಎಡ ಮಣಿಕಟ್ಟನ್ನು ಮುಂದಕ್ಕೆ ಬಾಗಿಸಿ ತಡೆಗೆ ತಾಗಿಸಿದೆ. ಚೈನ್ ಅಲ್ಲೇ ನಿಂತಿತು. ಒಂದೊಂದು ಹಲ್ಲೂ ಎಣಿಸುವ ಹಾಗೆ.

ಮೇಸ್ತ್ರಿಯವರು ಹತ್ತಿರ ಬಂದರು. ಇನ್ನೊಂದು ಸಲ ಎಂದು ಕೈಸನ್ನೆ ಮಾಡಿದರು. ಮಾಡಿ ತೋರಿಸಿದೆ. ಮತ್ತೊಂದು ಸಲ ಎಂದರು. ಮತ್ತೂ ತೋರಿಸಿದೆ. ಇಂಜಿನ್ ಆರಿಸಿದ ಮೇಲೂ ಅವರು ಚೈನನ್ನೇ ನೋಡುತ್ತಿದ್ದರು.

“ಇಷ್ಟೇನಾ ಮೇಡಂ?”

“ಇಷ್ಟೇ.”

ಅವರು ಬಿದ್ದ ಮರದ ಕಾಂಡದ ಮೇಲೆ ಕೂತರು. ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಲಗೈಯಲ್ಲಿ ಹೆಬ್ಬೆರಳಿನ ಬುಡ ತಿಕ್ಕುತ್ತ, ಯಾರನ್ನೂ ಉದ್ದೇಶಿಸದೆ ಒಂದು ಕೆಟ್ಟ ಬೈಗುಳ ಬೈದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ನಾನು ಅಂಥ ಮಾತು ಕೇಳಿರಲಿಲ್ಲ. ನನ್ನೆದುರು ಆಡಿದ್ದಕ್ಕೆ ನಾಚಿಕೊಂಡು ತಲೆ ತಗ್ಗಿಸಿದರು.

“ಇನ್ನೊಂದ್ಸಲ ಬೈರಿ ಮೇಸ್ತ್ರಿ,” ಎಂದೆ.

ಅವರು ಎದ್ದು ಟೇಪು ತೆಗೆದುಕೊಂಡು, ಕಾಂಡದ ಮೇಲೆ ಎಲ್ಲೆಲ್ಲಿ ಕುಯ್ಯಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದರು.